ಗೋಡೆ ನಿಂತರೆ ಸಾಲದು: ಆಸ್ಪತ್ರೆ ಸುರಕ್ಷತೆಯ ಯೋಜನೆ ನಡೆದು ಬಂದ ದಾರಿ

2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಭುಜ್‌ನಲ್ಲಿ ನೆಲ ನಡುಗಿದಾಗ, ಗಾಯಾಳುಗಳನ್ನು ಸೇರಿಸಿಕೊಳ್ಳಬೇಕಿದ್ದ ಸರ್ಕಾರಿ ಆಸ್ಪತ್ರೆಯೇ ಕುಸಿದು ಬಿದ್ದಿತ್ತು. ಒಳಗಿದ್ದ ರೋಗಿಗಳೂ ಸಿಬ್ಬಂದಿಯೂ ಅವಶೇಷಗಳಡಿ ಸಿಲುಕಿದರು. ಬದುಕುಳಿದ ವೈದ್ಯರು ಬಯಲಿನಲ್ಲೇ ಚಿಕಿತ್ಸೆಗೆ ನಿಂತರು. ವಿಪತ್ತಿನಲ್ಲಿ ಆಸ್ಪತ್ರೆಯೇ ಮೊದಲ ಬಲಿಯಾದರೆ ಗತಿಯೇನು ಎಂಬ ಪ್ರಶ್ನೆಯನ್ನು ದೇಶ ಗಂಭೀರವಾಗಿ ಕೇಳಿಕೊಂಡದ್ದು ಆಗ.

ಅದಕ್ಕೆ ಮೊದಲು ನಿಯಮವೇ ಇರಲಿಲ್ಲವೆಂದಲ್ಲ. ಭೂಕಂಪ ತಾಳುವ ಕಟ್ಟಡ ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕ 1962ರಿಂದಲೂ ಇದೆ. ಅದರ 2016ರ ಪರಿಷ್ಕೃತ ಲೆಕ್ಕದಲ್ಲಿ ಸಾಮಾನ್ಯ ಕಟ್ಟಡಕ್ಕಿಂತ ಒಂದೂವರೆ ಪಟ್ಟು ಬಲ ತಾಳುವಂತೆ ಆಸ್ಪತ್ರೆಯನ್ನು ವಿನ್ಯಾಸ ಮಾಡಬೇಕು. ಆದರೆ ಮಾನಕ ಪುಸ್ತಕದಲ್ಲಿರುವುದು ಬೇರೆ, ಊರಿನ ಕಟ್ಟಡ ಪರವಾನಗಿಯಲ್ಲಿ ಅದು ಕಡ್ಡಾಯವಾಗುವುದು ಬೇರೆ.

ಭುಜ್‌ನ ಹೊಸ ಆಸ್ಪತ್ರೆ 2004ರಲ್ಲಿ ತೆರೆಯಿತು. ಇಡೀ ಕಟ್ಟಡ ರಬ್ಬರ್ ಮತ್ತು ಸೀಸದ ದಿಂಬುಗಳ ಮೇಲೆ ಕುಳಿತಿದೆ. ನೆಲ ಜೋರಾಗಿ ಅಲುಗಾಡಿದರೂ ಮೇಲಿನ ಮಹಡಿಗಳು ನಿಧಾನವಾಗಿ ತೂಗುತ್ತವೆಯಷ್ಟೆ. ಆಪರೇಷನ್ ಥಿಯೇಟರಿನ ದೀಪವೂ ಗೋಡೆಯ ಆಮ್ಲಜನಕದ ಕೊಳವೆಯೂ ಕಿತ್ತು ಬರುವ ಅಪಾಯ ಕಡಿಮೆಯಾಗುತ್ತದೆ. ಇಂಥ ಆಸ್ಪತ್ರೆಗಳು ದೇಶದಲ್ಲಿ ಇಂದಿಗೂ ವಿರಳ.

2005ರ ಕೊನೆಗೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕಾನೂನಿನ ಬಲ ಸಿಕ್ಕಿತು. ಸಿಕ್ಕು ಶುರುವಾಗುವುದೂ ಇಲ್ಲೇ. ಸಂವಿಧಾನದ ಪ್ರಕಾರ ಆಸ್ಪತ್ರೆ ರಾಜ್ಯದ ವಿಷಯ. ಅಗ್ನಿಶಾಮಕ ಸೇವೆ ಹನ್ನೆರಡನೇ ಅನುಸೂಚಿಯಲ್ಲಿದೆ, ಅಂದರೆ ನಗರಾಡಳಿತಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ. ಸರ್ಕಾರಿ ಆಸ್ಪತ್ರೆಯ ಕಟ್ಟಡ, ವೈರಿಂಗ್ ಸಾಮಾನ್ಯವಾಗಿ ಲೋಕೋಪಯೋಗಿಯಂಥ ಇಲಾಖೆಯ ಕೈಯಲ್ಲಿದ್ದರೆ, ರೋಗಿ ಆರೋಗ್ಯ ಇಲಾಖೆಯ ಹೊಣೆ. ಕೇಂದ್ರ ಸರ್ಕಾರ ಯೋಜನೆ ಬರೆಯಬಹುದು. ಒಂದು ವಾರ್ಡಿನ ಸ್ವಿಚ್ ಬೋರ್ಡ್ ಬದಲಿಸಲು ಎಷ್ಟು ಕಚೇರಿ ಸುತ್ತಬೇಕೆಂಬುದು ಕಡತ ಹಿಡಿದು ಓಡಾಡಿದವರಿಗೇ ಗೊತ್ತು.

ಈ ನಡುವೆ ಭೂಕಂಪ ಹಿಂದೆ ಸರಿದು ಬೆಂಕಿ, ನೀರು ಮುಂದೆ ಬಂದವು. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ಸುಮಾರು 90 ಮಂದಿ ಸತ್ತರು, ಹೆಚ್ಚಿನವರು ಹೊಗೆ ಕುಡಿದು. ಬೆಂಕಿ ಹುಟ್ಟಿದ್ದು ವಾರ್ಡಿನಲ್ಲಲ್ಲ. ಕಾರು ನಿಲ್ಲಿಸಬೇಕಿದ್ದ, ಸಾಮಾನು ತುಂಬಿದ್ದ ಬೇಸ್‌ಮೆಂಟಿನಲ್ಲಿ. ಎಸಿ ಕೊಳವೆಗಳ ಮೂಲಕ ಹೊಗೆ ಮೇಲಕ್ಕೆ ಹರಿಯಿತು, ಗಾಜು ಮುಚ್ಚಿದ ಗೋಡೆ ಅದನ್ನು ಹೊರಗೆ ಬಿಡಲಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ. ಅಡ್ಯಾರ್ ನದಿಯ ನೀರು ಒಂದು ಆಸ್ಪತ್ರೆಯ ಜನರೇಟರ್ ಕೋಣೆಗೆ ನುಗ್ಗಿತು, ವಿದ್ಯುತ್ ನಿಂತಿತು, ಐಸಿಯುನಲ್ಲಿದ್ದ ರೋಗಿಗಳು ಪ್ರಾಣ ಬಿಟ್ಟರು. ಎರಡೂ ಕಡೆ ಕಂಬ, ತೊಲೆ ಭದ್ರವಾಗಿಯೇ ಇದ್ದವು.

2016ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಹೊರತಂದ ಆಸ್ಪತ್ರೆ ಸುರಕ್ಷತಾ ಮಾರ್ಗಸೂಚಿ ಇದನ್ನು ಗ್ರಹಿಸಿತ್ತು. ಕಟ್ಟಡ ನಿಲ್ಲುವುದಷ್ಟೇ ಅಲ್ಲ, ಕೊಳವೆ, ಉಪಕರಣ, ಬೀರು ಜಾರಿ ಬೀಳದಿರಬೇಕು. ಅದಕ್ಕೂ ಮಿಗಿಲಾಗಿ ಆಸ್ಪತ್ರೆ ಕೆಲಸ ಮಾಡುತ್ತಲೇ ಇರಬೇಕು ಎಂದಿತು. ಒಳ್ಳೆಯ ದಾಖಲೆ. ಆದರೆ ಹೆಸರೇ ಹೇಳುವಂತೆ ಅದು ಮಾರ್ಗಸೂಚಿ.

ಕೋವಿಡ್ ಬಂದಾಗ ಪರೀಕ್ಷೆ ಎದುರಾಯಿತು. ಹಾಸಿಗೆಗಳ ಸಂಖ್ಯೆ ರಾತ್ರೋರಾತ್ರಿ ಏರಿತು, ಹಳೆಯ ವೈರಿಂಗಿನ ಮೇಲೆ ಹೊಸ ಯಂತ್ರಗಳ ಹೊರೆ ಬಿತ್ತು. ಮುಚ್ಚಿದ ಐಸಿಯುನಲ್ಲಿ ಆಮ್ಲಜನಕ ದಟ್ಟವಾದಾಗ ಹಾಸಿಗೆ ಬಟ್ಟೆಯೂ ಸೌದೆಯಂತೆ ಉರಿಯುತ್ತದೆ. 2020ರ ಕೊನೆಯಲ್ಲಿ ರಾಜ್‌ಕೋಟ್‌ನ ಕೋವಿಡ್ ಆಸ್ಪತ್ರೆಯ ಬೆಂಕಿ ದುರಂತದ ನಂತರ ಸುಪ್ರೀಂ ಕೋರ್ಟ್ ಕೋವಿಡ್ ಆಸ್ಪತ್ರೆಗಳ ಫೈರ್ ಆಡಿಟ್‌ಗೆ, ಅಂದರೆ ಅಗ್ನಿ ಸುರಕ್ಷತೆಯ ತಪಾಸಣೆಗೆ, ಆದೇಶಿಸಿತು. ತಿಂಗಳು ತುಂಬುವ ಮೊದಲೇ, 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರ ಊರಿನ ಆಸ್ಪತ್ರೆಯ ಶಿಶು ಘಟಕದಲ್ಲಿ 10 ಹಸುಳೆಗಳು ಬೆಂಕಿಗೆ ಬಲಿಯಾದವು. ಏಪ್ರಿಲ್‌ನಲ್ಲಿ ನಾಸಿಕ್‌ನಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ ಒತ್ತಡ ಕುಸಿಯಿತು, 20ಕ್ಕೂ ಹೆಚ್ಚು ರೋಗಿಗಳು ಉಸಿರು ನಿಲ್ಲಿಸಿದರು.

ಹಣದ ಕಥೆ ಇನ್ನೂ ನಿಧಾನ. ಅನಾಹುತ ತಗ್ಗಿಸಲು ಪ್ರತ್ಯೇಕ ನಿಧಿ ಇರಬೇಕೆಂದು 2005ರ ಕಾಯ್ದೆಯೇ ಹೇಳಿತ್ತು. ರಾಷ್ಟ್ರ ಮಟ್ಟದಲ್ಲಿ ಅದು ರೂಪುಗೊಂಡದ್ದು 2021ರಲ್ಲಿ, 15ನೇ ಹಣಕಾಸು ಆಯೋಗದ ಶಿಫಾರಸಿನ ನಂತರ. ಆ ಆಯೋಗ 2021–26ಕ್ಕೆ ಮಾಡಿದ ವಿಪತ್ತು ಹಣದ ಹಂಚಿಕೆಯಲ್ಲೂ ನೂರರಲ್ಲಿ 80 ಪಾಲು ಪರಿಹಾರ, ಪುನರ್‌ನಿರ್ಮಾಣ, ಸಿದ್ಧತೆಗೆ, 20 ಪಾಲು ಅನಾಹುತ ತಗ್ಗಿಸುವುದಕ್ಕೆ. ಆ 20ರಲ್ಲೇ ನದಿ ದಂಡೆ, ಭೂಕುಸಿತ, ಬರ ಎಲ್ಲದರ ಜತೆ ಆಸ್ಪತ್ರೆಯೂ ಸಾಲಿನಲ್ಲಿ ನಿಲ್ಲಬೇಕಿತ್ತು. ಜನರೇಟರನ್ನು ಬೇಸ್‌ಮೆಂಟಿನಿಂದ ಮೇಲಕ್ಕೆ ಸಾಗಿಸುವ ಖರ್ಚು, ಹೊಸ ಬ್ಲಾಕ್ ಉದ್ಘಾಟಿಸುವ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ಅದಕ್ಕೆ ಶಿಲಾಫಲಕವಿಲ್ಲ.

2024ರ ನವೆಂಬರ್ 15ರಂದು ಝಾನ್ಸಿಯ ನವಜಾತ ಶಿಶು ಘಟಕ ಹೊತ್ತಿ ಉರಿಯಿತು, ಅಂದೇ 10 ಕೂಸುಗಳು ಹೋದವು. ಕೋಲ್ಕತ್ತ, ಭಂಡಾರ, ಝಾನ್ಸಿ ಮೂರೂ ಕಡೆ ಬೆಂಕಿ ಬಿದ್ದದ್ದು ಕತ್ತಲಲ್ಲಿ. ಮಾಕ್ ಡ್ರಿಲ್ ಎಂದರೆ ಮಾತ್ರ ನಮಗೆ ಹಗಲು ಹೊತ್ತು: ಎಲ್ಲ ಸಿಬ್ಬಂದಿ ಅಂಗಳದಲ್ಲಿ, ಕ್ಯಾಮೆರಾ ಮುಂದೆ ಬೆಂಕಿ ನಂದಿಸುವ ಸಿಲಿಂಡರ್. ನಳಿಕೆ, ಡ್ರಿಪ್ ಅಂಟಿಕೊಂಡ ಒಂದು ಕೂಸನ್ನು ಎತ್ತಲು ಎರಡೂ ಕೈ ಬೇಕು. ನಡುರಾತ್ರಿ ಆ ಕೋಣೆಯಲ್ಲಿ ಎಷ್ಟು ಕೈಗಳಿರುತ್ತವೆ ಎಂಬುದನ್ನು ಪಾಳಿಯ ಪಟ್ಟಿ ನೋಡಿದರೆ ಈಗಲೇ ಎಣಿಸಬಹುದು.