ಪದ ಪರಿಚಯ: ಸೆನೆಟ್ ಕನ್ಫರ್ಮೇಷನ್

ಕನ್ಫರ್ಮ್ ಅಂದರೆ ನಮಗೆ ಮೊದಲು ನೆನಪಾಗುವುದು ರೈಲು ಟಿಕೆಟ್ಟು, ಆಮೇಲೆ ಪ್ರೊಬೇಷನ್ ಮುಗಿಸಿದ ಸರ್ಕಾರಿ ನೌಕರ. ಅಮೆರಿಕದ ಸುದ್ದಿಗಳಲ್ಲಿ ಬರುವ ‘ಸೆನೆಟ್ ಕನ್ಫರ್ಮೇಷನ್’, ಅಂದರೆ ಅಧ್ಯಕ್ಷರು ದೊಡ್ಡ ಹುದ್ದೆಗೆ ಸೂಚಿಸಿದವರಿಗೆ ಅಲ್ಲಿನ ಮೇಲ್ಮನೆಯಾದ ಸೆನೆಟ್ ಕೊಡುವ ಒಪ್ಪಿಗೆ, ಟಿಕೆಟ್ಟಿಗೇ ಹತ್ತಿರ. ಅದು ಸಿಗುವವರೆಗೆ ಹೆಸರು ಪಟ್ಟಿಯಲ್ಲಿರುತ್ತದೆ, ಸೀಟು ಮಾತ್ರ ಇನ್ನೂ ಸಿಕ್ಕಿರುವುದಿಲ್ಲ. ಕನ್ನಡ ಪತ್ರಿಕೆಗಳು ದೃಢೀಕರಣ, ಅನುಮೋದನೆ ಎಂದು ಬರೆಯುತ್ತವೆ. ಅಮೆರಿಕದ ಸಂವಿಧಾನದ ಎರಡನೇ ವಿಧಿಯಲ್ಲಿರುವುದು ‘ಸಲಹೆ ಮತ್ತು ಸಮ್ಮತಿ’ ಎಂಬ ಮಾತು. ನನಗೆ ಸಮ್ಮತಿಯೇ ಸರಿಯಾದ ಪದ ಅನ್ನಿಸುತ್ತದೆ.

ಗೊಂದಲ ಹುಟ್ಟುವುದು ‘ನಾಮನಿರ್ದೇಶನ’ದಿಂದ. ನಮ್ಮ ವಿಧಾನ ಪರಿಷತ್ತಿಗೆ ಯಾರನ್ನಾದರೂ ನಾಮನಿರ್ದೇಶನ ಮಾಡಿದರೆ ಅವರು ಸದಸ್ಯರಾದಂತೆಯೇ. ಅಮೆರಿಕದಲ್ಲಿ ಅಧ್ಯಕ್ಷರು ಹೆಸರು ಸೂಚಿಸಿದ ವ್ಯಕ್ತಿಯ ಕೈಯಲ್ಲಿ ಆ ದಿನ ಏನೂ ಇರುವುದಿಲ್ಲ. ಸಮಿತಿಯ ಮುಂದೆ ವಿಚಾರಣೆ, ಸಮಿತಿಯ ಮತ, ಆಮೇಲೆ ನೂರು ಸೆನೆಟರುಗಳ ಮತ, ಇಷ್ಟೂ ದಾಟಿದ ಮೇಲೆಯೇ ನೇಮಕ. ನಮ್ಮಲ್ಲಿ ಮಂತ್ರಿಯೊಬ್ಬರ ಹೆಸರನ್ನು ಸದನದಲ್ಲಿ ಮತಕ್ಕೆ ಹಾಕುವ ಪದ್ಧತಿಯೇ ಇಲ್ಲದ್ದರಿಂದ ಈ ಮೆಟ್ಟಿಲುಗಳು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರ ಹೆಸರನ್ನು ಒಬಾಮ ‘ಸರ್ಜನ್ ಜನರಲ್’ ಹುದ್ದೆಗೆ ಸೂಚಿಸಿದ್ದು 2013ರ ನವೆಂಬರಿನಲ್ಲಿ. (ಸರ್ಜನ್ ಎಂದೊಡನೆ ಆಪರೇಷನ್ ಥಿಯೇಟರ್ ನೆನೆಯಬೇಡಿ. ನಮ್ಮ ‘ಡಿಸ್ಟ್ರಿಕ್ಟ್ ಸರ್ಜನ್’ ಹೇಗೆ ಜಿಲ್ಲಾಸ್ಪತ್ರೆಯ ಆಡಳಿತ ನೋಡುತ್ತಾರೋ ಹಾಗೆ ಇದೂ ಹಳೆಯ ಹೆಸರು ಉಳಿಸಿಕೊಂಡ ಹುದ್ದೆ. ಜನರಿಗೆ ಆರೋಗ್ಯದ ಎಚ್ಚರಿಕೆ ಹೇಳುವುದು ಇದರ ಮುಖ್ಯ ಕೆಲಸ. ಸಿಗರೇಟಿನ ಅಪಾಯದ ಬಗ್ಗೆ 1964ರಲ್ಲಿ ಬಂದ ಹೆಸರಾಂತ ವರದಿ ಈ ಕಚೇರಿಯದ್ದೇ.) ಮೂರ್ತಿಯವರಿಗೆ ಸಮ್ಮತಿ ಸಿಕ್ಕಿದ್ದು 2014ರ ಡಿಸೆಂಬರ್ 15ರಂದು. ನಡುವೆ ಹದಿಮೂರು ತಿಂಗಳು ಕಳೆದಿದ್ದವು.

ಅಡ್ಡ ಬಂದದ್ದು ಬಂದೂಕು. ಬಂದೂಕು ಕೂಡ ಆರೋಗ್ಯದ ವಿಷಯವೇ ಎಂದು ಅವರು 2012ರಲ್ಲಿ ಮಾಡಿದ್ದ ಒಂದು ಟ್ವೀಟ್ ಹಿಡಿದುಕೊಂಡು ಬಂದೂಕು ಹಕ್ಕಿನ ಪರ ನಿಲ್ಲುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ ವಿರೋಧಕ್ಕಿಳಿಯಿತು. ಸೆನೆಟರ್ ರ‍್ಯಾಂಡ್ ಪಾಲ್ ‘ಹೋಲ್ಡ್’ ಹಾಕಿದರು. ಒಬ್ಬ ಸೆನೆಟರ್ ತನಗೆ ಒಪ್ಪಿಗೆಯಿಲ್ಲ ಎಂದು ಹೇಳಿ ಕಡತವನ್ನು ನಿಧಾನಗೊಳಿಸುವ ರೂಢಿ ಇದು. 2014ರ ಚುನಾವಣೆ ಎದುರಿಗಿದ್ದ, ಒಬಾಮರದೇ ಪಕ್ಷದ ಕೆಲವು ಡೆಮಾಕ್ರಟರೇ ಹಿಂದೆ ಸರಿದರು. ಆ ಸೆಪ್ಟೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಎಬೋಲಾ ಪತ್ತೆಯಾದಾಗ ಆ ಕುರ್ಚಿಯಲ್ಲಿ ಹಂಗಾಮಿಯೊಬ್ಬರಿದ್ದರು. ಕೊನೆಗೆ ಬಿದ್ದ ಮತ 51–43. ಮೂವರು ಡೆಮಾಕ್ರಟರು ವಿರುದ್ಧ, ಒಬ್ಬ ರಿಪಬ್ಲಿಕನ್ ಪರ.

ಐವತ್ತೊಂದು ಮತ ಸಾಲುತ್ತದೆ ಎಂಬುದೂ ಆಗಷ್ಟೇ ಬಂದ ಬದಲಾವಣೆ. ಚರ್ಚೆ ಮುಗಿಯದೆ ಅಂತಿಮ ಮತಕ್ಕೆ ಹೋಗುವಂತಿಲ್ಲ, ಬಹುಮತವಿದ್ದರೂ ಚರ್ಚೆಗೆ ತೆರೆ ಎಳೆಯಲು ಮೊದಲು 60 ಮತ ಬೇಕಿತ್ತು. ಇಂಥ ಹುದ್ದೆಗಳ ಮಟ್ಟಿಗೆ ಆ ನಿಯಮವನ್ನು ಸಡಿಲಿಸಿದ್ದು 2013ರ ನವೆಂಬರ್ 21ರಂದು, ಮೂರ್ತಿಯವರ ಹೆಸರು ಬಂದ ಕೆಲವೇ ದಿನಗಳಲ್ಲಿ. ಇದರ ಬೆಲೆ ತಿಳಿಯಬೇಕಾದರೆ 1995ಕ್ಕೆ ಹೋಗಬೇಕು. ಇದೇ ಹುದ್ದೆಗೆ ಕ್ಲಿಂಟನ್ ಸೂಚಿಸಿದ್ದ ಡಾ. ಹೆನ್ರಿ ಫಾಸ್ಟರ್ ಎಂಬ ಪ್ರಸೂತಿ ತಜ್ಞರು ಗರ್ಭಪಾತ ಮಾಡಿದ್ದರೆಂಬ ಜಗಳ ಎದ್ದು, ಚರ್ಚೆ ಮುಗಿಸುವ ಮತದಲ್ಲಿ 57–43 ಬಂತು. ಮೂರು ಮತ ಸಾಲದೆ ಅವರು ಸೋತರು. ಬೈಡನ್ ಅವಧಿಯಲ್ಲಿ, 2021ರ ಮಾರ್ಚಿನಲ್ಲಿ, ಮೂರ್ತಿ ಎರಡನೇ ಬಾರಿಗೆ ಬಂದಾಗಲೂ ಅಂಕಿ 57–43. ಅವರು ಗೆದ್ದರು. ಅದೇ ಅಂಕಿ, ಆಟದ ನಿಯಮ ಮಾತ್ರ ಬೇರೆ.

ಈ ವಿಚಾರಣೆಗಳಲ್ಲಿ ಕೊಡುವ ಮಾತಿನ ತೂಕ ಎಷ್ಟು? ಕಾನೂನಿನ ತಕ್ಕಡಿಯಲ್ಲಿ ಸೊನ್ನೆ. ಬಂದೂಕು ನಿಯಂತ್ರಣಕ್ಕೆ ನನ್ನ ಹುದ್ದೆಯನ್ನು ವೇದಿಕೆ ಮಾಡಿಕೊಳ್ಳುವುದಿಲ್ಲ ಎಂದು ಮೂರ್ತಿ 2014ರ ವಿಚಾರಣೆಯಲ್ಲಿ ಹೇಳಿದ್ದರು. ಹತ್ತು ವರ್ಷ ಕಳೆದು, ಎರಡನೇ ಅವಧಿಯಲ್ಲಿ, 2024ರ ಜೂನಿನಲ್ಲಿ ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಸಾರಿದವರೂ ಅವರೇ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಆದರೆ ವಿರೋಧಿಗಳು ಆ ಹಳೆಯ ಮಾತನ್ನು ಎತ್ತಿ ತೋರಿಸಿದರೆ ಅಚ್ಚರಿಯೂ ಇಲ್ಲ.

ಇದಕ್ಕಿಂತ ದೊಡ್ಡದು ಟ್ರಂಪ್ ಸೂಚಿಸಿದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಪ್ರಕರಣ. ಲಸಿಕೆಗಳ ಬಗ್ಗೆ ವರ್ಷಗಟ್ಟಲೆ ಅನುಮಾನ ಬಿತ್ತಿದವರು ಆರೋಗ್ಯ ಮಂತ್ರಿಯಾಗಬಹುದೇ ಎಂಬ ಚರ್ಚೆಯಲ್ಲಿ ನಿರ್ಣಾಯಕರಾದವರು ಸ್ವತಃ ವೈದ್ಯರಾದ ರಿಪಬ್ಲಿಕನ್ ಸೆನೆಟರ್ ಬಿಲ್ ಕ್ಯಾಸಿಡಿ. ಲಸಿಕೆ ಸಲಹಾ ಸಮಿತಿಯನ್ನು ಇದ್ದ ಹಾಗೇ ಉಳಿಸಿಕೊಳ್ಳುವ ಭರವಸೆ ಪಡೆದುಕೊಂಡು ಅವರು ಪರವಾಗಿ ಮತ ಹಾಕಿದರು. 2025ರ ಫೆಬ್ರವರಿ 13ರಂದು 52–48ರಲ್ಲಿ ಕೆನಡಿ ಗೆದ್ದರು. ಜೂನಿನಲ್ಲಿ ಆ ಸಮಿತಿಯ 17 ಸದಸ್ಯರನ್ನೂ ಒಟ್ಟಿಗೆ ಮನೆಗೆ ಕಳಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಕೊಟ್ಟ ಸಮ್ಮತಿಯನ್ನು ಸೆನೆಟ್ ಸುಮ್ಮನೆ ಹಿಂದಕ್ಕೆ ಪಡೆಯುವಂತಿಲ್ಲ. ಅಧಿಕಾರಿಯನ್ನು ತೆಗೆಯಲು ಮಹಾಭಿಯೋಗದ ದಾರಿ ಹಿಡಿಯಬೇಕು. ಅಧ್ಯಕ್ಷರಿಗೆ ಮಾತ್ರ ಅಂಥ ತೊಡಕಿಲ್ಲ. ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಮುಖ್ಯಸ್ಥರಿಗೂ ಸೆನೆಟ್ ಸಮ್ಮತಿ ಬೇಕೆಂಬ ನಿಯಮ ಜಾರಿಗೆ ಬಂದದ್ದು 2025ರ ಜನವರಿಯಲ್ಲಿ. ಮೊದಲು ಸೂಚಿಸಿದ ಡೇವ್ ವೆಲ್ಡನ್ ಅವರ ಹೆಸರನ್ನು ವಿಚಾರಣೆಯ ದಿನ ಬೆಳಿಗ್ಗೆಯೇ ಹಿಂದಕ್ಕೆ ಪಡೆದರು, ಮತ ಸಾಲುವಂತಿರಲಿಲ್ಲ. ಆಮೇಲೆ ಬಂದ ಸುಸಾನ್ ಮೊನಾರೆಜ್ ಜುಲೈ ಕೊನೆಯಲ್ಲಿ 51–47ರಿಂದ ಕನ್ಫರ್ಮ್ ಆದರು. ಆಗಸ್ಟ್ ಮುಗಿಯುವ ಮೊದಲೇ ಶ್ವೇತಭವನ ಅವರನ್ನು ವಜಾ ಮಾಡಿತು.