ಮಾಳಿಗೆ ನೀರು ಗಟಾರಕ್ಕೆ ಯಾಕೆ?

ಹೊಸ ಮನೆ ಕಟ್ಟಿಸುವವರು ನಕ್ಷೆ ಹಿಡಿದು ಬಂದರೆ ನಾನು ಮೊದಲು ಕೇಳುವುದು, ಮಾಳಿಗೆ ನೀರು ಎಲ್ಲಿಗೆ ಬಿಡ್ತೀರಿ ಅಂತ. ‘ಗಟಾರಕ್ರಿ ಸರ್, ಮತ್ತೆಲ್ಲಿಗೆ?’ ಅನ್ನುತ್ತಾರೆ. ವಿಜಯಪುರದಂಥ ಬರದ ಊರಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ಮಾಳಿಗೆ ಅಂದರೆ 93 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆಯಾದರೂ 46 ಸಾವಿರ ಲೀಟರ್ ಬೀಳುತ್ತದೆ. ಆರಿ, ಸಿಡಿದು ಹೋದದ್ದನ್ನು ಕಳೆದರೂ 37 ಸಾವಿರ ಉಳಿಯಿತು. ಐದು ಸಾವಿರ ಲೀಟರಿನ ಏಳು ಟ್ಯಾಂಕರ್! ಅದನ್ನು ಗಟಾರಕ್ಕೆ ಬಿಟ್ಟು, ಏಪ್ರಿಲ್‌ನಲ್ಲಿ ಟ್ಯಾಂಕರಿನವರಿಗೆ ಫೋನ್ ಮಾಡುತ್ತೇವೆ.

ಪರಿಸರಸ್ನೇಹಿ ನಗರ ಅಂದ ಕೂಡಲೇ ಸೋಲಾರ್, ಎಲೆಕ್ಟ್ರಿಕ್ ಬಸ್ಸು ನೆನಪಾಗುತ್ತವೆ. ಅವೂ ಬೇಕು. ಆದರೆ ನಮ್ಮ ನಲ್ಲಿಗೆ ಬರುವ ನೀರು ಕೊಲ್ಹಾರದ ಕಡೆಯಿಂದ ಬರುವ ಕೃಷ್ಣಾ ನೀರು. ಊರು ಎತ್ತರದಲ್ಲಿದೆ, ಹೊಳೆ ತಗ್ಗಿನಲ್ಲಿದೆ. ಒಂದೊಂದು ಕೊಡವನ್ನೂ ಕರೆಂಟು ಮೇಲೆತ್ತಿ ತರಬೇಕು. ತಲೆ ಮೇಲೆ ಬಿದ್ದ ನೀರಿಗೆ ಆ ಖರ್ಚಿಲ್ಲ ಅಲ್ವಾ?

ಈ ಊರಿಗೆ ಇದು ಹೊಸ ಪಾಠವೇನಲ್ಲ. ಆದಿಲ್‌ಶಾಹಿ ಕಾಲದಲ್ಲಿ ಊರ ಪಕ್ಕದ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಇಳಿಜಾರಿಗೆ ತಾನೇ ಹರಿದು ಬರುತ್ತಿತ್ತು. 1651ರಲ್ಲಿ ಬೇಗಂ ತಲಾಬ್ ಕೆರೆ ಕಟ್ಟಿಸಿದಾಗ, ಅದರ ನೀರು ಊರಿಗೆ ತರಲು ಮಣ್ಣಿನ ಕೊಳವೆ ಹಾಕಿದರು. ನಡುನಡುವೆ ‘ಗಂಜ್’ ಅನ್ನುವ ಕಲ್ಲಿನ ಗೋಪುರ ಕಟ್ಟಿ ನೀರಿನ ಒತ್ತಡ ಇಳಿಸಿದರು, ಹೂಳನ್ನೂ ಅಲ್ಲೇ ತಡೆದರು. ಪಂಪಿಲ್ಲದೆ ಇಷ್ಟು ಮಾಡಿದವರ ಊರಿನಲ್ಲಿ ನಾವಿದ್ದೇವೆ.

ಮಾಳಿಗೆ ನೀರನ್ನು ನೆಲಕ್ಕಿಳಿಸಲು ಇಂಗುಗುಂಡಿ ತೋಡುವಾಗ ಮಾತ್ರ ನಮ್ಮ ಮಣ್ಣನ್ನು ಮರೆಯಬಾರದು. ನಾನೇ ಮೊದಮೊದಲು ಎಡವಿದ್ದೇನೆ. ಎರೆಮಣ್ಣಿನಲ್ಲಿ ನಾಲ್ಕಡಿ ಗುಂಡಿ ತೋಡಿಸಿದೆ. ಎರಡು ಮಳೆಗೆ ಮಣ್ಣು ಉಬ್ಬಿ, ಬಾಯಿ ಮುಚ್ಚಿಕೊಂಡಿತು. ನೀರು ವಾರಗಟ್ಟಲೆ ನಿಂತು ಸೊಳ್ಳೆಯಾಯಿತು. ಎರೆ ದಾಟಿ, ನೀರು ಇಂಗುವ ಗರಸು ಮಣ್ಣು ಸಿಗುವವರೆಗೆ ತೋಡಬೇಕು. ತಳದಲ್ಲಿ ದಪ್ಪ ಕಲ್ಲು, ಮೇಲೆ ಖಡಿ, ಅದರ ಮೇಲೆ ಉಸುಕು. ಗೋಡೆಯಿಂದ ಹತ್ತಡಿಯಾದರೂ ದೂರ ಇರಲಿ. ಎರೆಮಣ್ಣು ನೆನೆದು ಉಬ್ಬಿದರೆ ಅಡಿಪಾಯ ಎತ್ತಿಬಿಡುತ್ತದೆ. ಮೊದಲ ಮಳೆಯ ಧೂಳಿನ ನೀರು ಹೊರಗೆ ಹೋಗಲಿ. ಸೋಸದ ನೀರನ್ನು ಸುಮ್ನೆ ಬೋರಿಗೆ ಇಳಿಸಬೇಡಿ, ಒಳಗಿನ ನೀರೂ ಕೆಡುತ್ತದೆ. ಹಾಗೇ, ಇಡೀ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಬೇಡಿ. ಒಂದು ಬೇವಿನ ಗಿಡದಷ್ಟು ನೆಲವಾದರೂ ಬರಿದಾಗಿರಲಿ.

ಹಿತ್ತಲಲ್ಲಿ ಹಳೇ ಬಾವಿ ಇದ್ದವರು ಪುಣ್ಯವಂತರು. ಗೋಳಗುಮ್ಮಟದ ಹಿಂದಿನ ಓಣಿಯೊಂದರಲ್ಲಿ ಅಂಥ ಬಾವಿಯನ್ನು ಮುಚ್ಚಿಸಿ ರೂಮ್ ಕಟ್ಟಿಸಲು ನನ್ನನ್ನು ಕರೆದಿದ್ದರು. ಬಗ್ಗಿ ನೋಡಿದರೆ ಪ್ಲಾಸ್ಟಿಕ್ ಚೀಲ, ಒಡೆದ ಮಡಕೆ, ಹಳೇ ಚಾಪೆ. ‘ವರ್ಷದಾಗ ನಾಕ್ ದಿನ ಮಳಿ ಆಗೂದು, ಬಾವಿ ಯಾಕ್ರಿ?’ ಅಂದರು ಮಗ. ಅವರ ತಾಯಿ ಮಾತ್ರ, ‘ಈ ನೀರು ಕುಡ್ದ ನೀ ದೊಡ್ಡಾವ ಆಗೀದಿ’ ಅಂದರು. ರೂಮ್ ಮಾತು ಅಲ್ಲಿಗೆ ನಿಂತಿತು.

ಎರಡು ಟ್ರಾಲಿ ಹೂಳು ತೆಗೆಸಿದೆವು. ಮಾಳಿಗೆ ಪೈಪಿಗೆ ಉಸುಕಿನ ಸೋಸುತೊಟ್ಟಿ ಕೂರಿಸಿ, ನೀರನ್ನು ಬಾವಿಗೆ ತಿರುಗಿಸಿದೆವು. ಆ ಸೆಪ್ಟೆಂಬರಿನ ಮಳೆ ಮುಗಿದ ಮೇಲೆ ನೋಡಲು ಹೋದೆ. ಆ ತಾಯಿ ಹಗ್ಗಕ್ಕೆ ಬಟ್ಟೆ ಚೂರು ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು. ಎಲ್ಲಿವರೆಗೆ ನೆನೆಯಿತೋ ಅಲ್ಲಿಗೊಂದು ಗಂಟು. ಹಗ್ಗದಲ್ಲಿ ಆಗಲೇ ಐದು ಗಂಟುಗಳಿದ್ದವು, ಒಂದಕ್ಕಿಂತ ಒಂದು ಮೇಲೆ.