ಬಟನ್ ಒತ್ತಿದರೆ ಅಲಾರಂ ಕೂಗುತ್ತೆ, ಅಷ್ಟು ಸಾಕಲ್ವಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ಚಳಿಗಾಲದಲ್ಲಿ ರೇಷ್ಮೆ ಹುಳು ಮನೆಯಲ್ಲಿ ಇದ್ದಿಲು ಒಲೆ ಇಡುತ್ತೇವೆ. ಇದ್ದಿಲಿನಿಂದ ಬರುವ ವಿಷಗಾಳಿ ಗೊತ್ತಾಗಲಿ ಅಂತ ಆರು ವರ್ಷದ ಹಿಂದೆ ಕಾರ್ಬನ್ ಮೋನಾಕ್ಸೈಡ್ ಅಲಾರಂ ಹಾಕಿಸಿದೆವು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತುತ್ತೇನೆ, ಜೋರಾಗಿ ಕೂಗುತ್ತೆ. ಅಷ್ಟು ಸಾಕಲ್ವಾ?

ಉತ್ತರ: ಸಾಲದು. ಬಟನ್ ಒತ್ತಿದಾಗ ಗೊತ್ತಾಗುವುದು ಬ್ಯಾಟರಿ, ಸರ್ಕ್ಯೂಟ್ ಮತ್ತು ಹಾರ್ನ್ ಸರಿಯಿವೆ ಅಂತ ಮಾತ್ರ. ಗ್ಯಾಸ್ ಹಿಡಿಯುವ ಸೆಲ್‌ನ ಗತಿ ಏನು ಅಂತ ಹೆಚ್ಚಿನ ಅಲಾರಂಗಳಲ್ಲಿ ಆ ಬಟನ್ ಹೇಳುವುದಿಲ್ಲ.

ಆ ಸೆಲ್ ಒಂದು ಪುಟ್ಟ ಡಬ್ಬಿ. ಒಳಗೆ ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಸಿಡ್, ಪ್ಲಾಟಿನಂ ಇರುವ ಎಲೆಕ್ಟ್ರೋಡ್‌ಗಳು. ಸಣ್ಣ ತೂತಿನಿಂದ ಒಳಹೋದ ಕಾರ್ಬನ್ ಮೋನಾಕ್ಸೈಡ್ ಪ್ಲಾಟಿನಂ ಮೇಲೆ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಒಂದೊಂದು ಅಣುವಿಗೂ ಎರಡೆರಡು ಎಲೆಕ್ಟ್ರಾನ್ ಬಿಡುಗಡೆ. ಅವು ತಂತಿಯಲ್ಲಿ ಹರಿದು ಇನ್ನೊಂದು ಎಲೆಕ್ಟ್ರೋಡ್ ಸೇರುತ್ತವೆ. ಅಲ್ಲಿ ಗಾಳಿಯ ಆಮ್ಲಜನಕ ಅವನ್ನು ತೆಗೆದುಕೊಂಡು ಮತ್ತೆ ನೀರಾಗುತ್ತದೆ. ನ್ಯಾನೋ ಆಂಪಿಯರ್ ಲೆಕ್ಕದ ಕರೆಂಟ್ ಅದು. ಗ್ಯಾಸ್ ಎಷ್ಟು ಜಾಸ್ತಿಯೋ ಕರೆಂಟೂ ಅಷ್ಟು ಜಾಸ್ತಿ. ಎಂಥ ಚಂದದ ಕೆಲಸ ಅಲ್ವಾ!

ಆದರೆ ಹುಳು ಮನೆ ಈ ಸೆಲ್‌ಗೆ ಕಷ್ಟದ ಜಾಗ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, ಶೇ. 80ರಿಂದ 90 ತೇವ ಬೇಕು. ಅಂಥ ಗಾಳಿಯಲ್ಲಿ ಆಸಿಡ್ ನೀರು ಹೀರಿಕೊಳ್ಳುತ್ತಾ ಹೋಗುತ್ತದೆ, ಅತಿಯಾದರೆ ಸೋರುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಒಣಗುತ್ತದೆ. ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡಲು ಕೂತ, ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿ ಅಲಾರಂನ ಗಾಳಿಕಿಂಡಿಗಳಲ್ಲಿ ಬೆಳ್ಳಗೆ ಕೂರುತ್ತದೆ. ಅದನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಸ್ಪಿರಿಟ್, ಸ್ಪ್ರೇ ಬೇಡವೇ ಬೇಡ. ಬ್ಲೀಚಿಂಗ್ ಪುಡಿ ಹೊಡೆಯುವ ದಿನ ಅಲಾರಂ ಹೊರಗಿಡಿ, ಗಾಳಿಯಾಡಿದ ಮೇಲೆ ಮರೆಯದೆ ವಾಪಸ್ ಹಾಕಿ. ಪಕ್ಕದಲ್ಲಿ ಇನ್ವರ್ಟರ್ ಬ್ಯಾಟರಿ ಇದ್ದರೆ, ಚಾರ್ಜ್ ಆಗುವಾಗ ಬರುವ ಹೈಡ್ರೋಜನ್‌ಗೂ ಇದು ಕೂಗಬಹುದು.

ಇನ್ನೊಂದು ಮಾತು, ಇದನ್ನು ಮನೆಯವರಿಗೆಲ್ಲ ಹೇಳಿ. ಅಲಾರಂ ತಕ್ಷಣ ಕೂಗುವುದಿಲ್ಲ. ಅಮೆರಿಕದ ಯುಎಲ್ 2034 ಮಾನದಂಡದಲ್ಲಿ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ ಗ್ಯಾಸ್) ಇದ್ದರೆ 4ರಿಂದ 15 ನಿಮಿಷ, 70 ಪಿಪಿಎಂಗೆ 1ರಿಂದ 4 ಗಂಟೆ. ಹಾಗಾಗಿ ಒಳಗೆ ಸೊಪ್ಪು ಹಾಕುವಾಗ ತಲೆನೋವು, ವಾಕರಿಕೆ ಬಂದರೆ ಕೂಗಲಿ ಅಂತ ಕಾಯಬೇಡಿ. ಎಲ್ಲರೂ ಹೊರಗೆ ಬನ್ನಿ.

ಈ ಸೆಲ್‌ಗಳ ಆಯಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ನಿಮ್ಮದಕ್ಕೆ ಆರಾಗಿದೆ. ಈ ಚಳಿಗೆ ಇದ್ದಿಲು ಹಚ್ಚುವ ಮೊದಲು ಅದನ್ನು ಕೆಳಗಿಳಿಸಿ ಹಿಂಬದಿ ನೋಡಿ, ಬದಲಿಸಬೇಕಾದ ದಿನ ಅಲ್ಲಿ ಅಚ್ಚಾಗಿರುತ್ತದೆ. ದಾಟಿದ್ದರೆ ಹೊಸದು ತನ್ನಿ, ಅದರ ಕೊನೆಯ ವರ್ಷವನ್ನು ಮಾರ್ಕರ್‌ನಲ್ಲಿ ಮುಂದುಗಡೆಯೇ ದಪ್ಪಗೆ ಬರೆದಿಡಿ.